ಗಂಡನ ತೂಕ ಇಳಿಯಿತು, ಹೆಂಡತಿಯದೇಕೆ ಇಳಿಯಲಿಲ್ಲ?

ಗಂಡ ಹೆಂಡತಿ ಒಂದೇ ದಿನ ಪಥ್ಯ ಆರಂಭಿಸುತ್ತಾರೆ. ಅನ್ನ ಕಡಿಮೆ, ಎಣ್ಣೆ ಕಡಿಮೆ, ರಾತ್ರಿ ಬೇಗ ಊಟ. ತಿಂಗಳು ಕಳೆದು ಇಬ್ಬರೂ ಒಟ್ಟಿಗೆ ದವಾಖಾನೆಗೆ ಬಂದು ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. ಗಂಡನದು ಮೂರು ಕಿಲೋ ಇಳಿದಿರುತ್ತದೆ. ಹೆಂಡತಿಯದು ಒಂದು ಕಿಲೋ, ಕೆಲವೊಮ್ಮೆ ಅದೂ ಇಲ್ಲ. "ಡಾಕ್ಟ್ರೇ, ಇವಳು ಅಡುಗೆಮನೆಯಲ್ಲಿ ಕದ್ದು ತಿಂತಾಳೆ" ಎಂದು ಗಂಡ ನಗುತ್ತಾನೆ. ಆಕೆ ಏನೂ ಹೇಳುವುದಿಲ್ಲ. ಮುಂದಿನ ತಿಂಗಳು ಗಂಡ ಒಬ್ಬನೇ ಬರುತ್ತಾನೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸುತ್ತಿನ ಕುಟುಂಬಗಳಲ್ಲಿ ಇದು ನಾನು ಮತ್ತೆ ಮತ್ತೆ ನೋಡುವ ಸಂಗತಿ. ಆ ತಮಾಷೆಯ ಮಾತಿನಿಂದ ಎಷ್ಟೋ ಹೆಂಗಸರು ಪಥ್ಯವನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಹಠಕ್ಕೆ ಬಿದ್ದು ದಿನಕ್ಕೆ ಒಂದೇ ಹೊತ್ತು ಉಣ್ಣತೊಡಗುತ್ತಾರೆ, ಯಾರೋ ಹೇಳಿದ ಪುಡಿ ತರಿಸಿ ಕುಡಿಯುತ್ತಾರೆ. ಎರಡೂ ನಷ್ಟವೇ. ಆಕೆ ಕದ್ದು ತಿಂದಿಲ್ಲ ಎಂಬುದನ್ನು ಲೆಕ್ಕದಲ್ಲೇ ತೋರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಿ.

ಲೆಕ್ಕ ಹೀಗಿದೆ

ನಾವು ಸುಮ್ಮನೆ ಮಲಗಿದ್ದರೂ ದೇಹ ಶಕ್ತಿಯನ್ನು ಉರಿಸುತ್ತಲೇ ಇರುತ್ತದೆ. ಹೃದಯ ಬಡಿಯಬೇಕು, ಉಸಿರಾಟ ನಡೆಯಬೇಕು, ಮೈ ಬಿಸಿಯಾಗಿರಬೇಕು. ಇದಕ್ಕೆ ದಿನಕ್ಕೆ ಎಷ್ಟು ಕ್ಯಾಲರಿ ಬೇಕೆಂದು ತೂಕ, ಎತ್ತರ, ವಯಸ್ಸಿನಿಂದ ಅಂದಾಜು ಮಾಡಲು ಮಿಫ್ಲಿನ್-ಸೇಂಟ್ ಜಿಯೋರ್ ಎಂಬ ಸೂತ್ರವಿದೆ. 1990ರಲ್ಲಿ ಪ್ರಕಟವಾದ ಇದನ್ನು ಆಹಾರತಜ್ಞರು ಇಂದಿಗೂ ಬಳಸುತ್ತಾರೆ. ತೂಕ, ಎತ್ತರ, ವಯಸ್ಸು ಮೂರೂ ಒಂದೇ ಆಗಿದ್ದರೂ ಈ ಸೂತ್ರದ ಪ್ರಕಾರ ಹೆಣ್ಣಿನ ದೇಹ ಗಂಡಿನ ದೇಹಕ್ಕಿಂತ ದಿನಕ್ಕೆ 166 ಕ್ಯಾಲರಿ ಕಡಿಮೆ ಉರಿಸುತ್ತದೆ. ಕಾರಣ ಸೋಮಾರಿತನವಲ್ಲ, ಸ್ನಾಯು. ಗಂಡಸಿನ ಮೈಯಲ್ಲಿ ಸ್ನಾಯುವಿನ ಪಾಲು ಹೆಚ್ಚು, ಹೆಂಗಸಿನ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು. ವಿಶ್ರಾಂತಿಯಲ್ಲಿದ್ದಾಗಲೂ ಒಂದು ಕಿಲೋ ಸ್ನಾಯು ಒಂದು ಕಿಲೋ ಕೊಬ್ಬಿಗಿಂತ ಸುಮಾರು ಮೂರು ಪಟ್ಟು ಶಕ್ತಿ ಉರಿಸುತ್ತದೆ.

ಆದರೆ ಗಂಡ ಹೆಂಡತಿ ಒಂದೇ ಎತ್ತರ, ಒಂದೇ ತೂಕ ಇರುವುದು ಅಪರೂಪ. ನಮ್ಮ ಕಡೆಯ ಒಂದು ಸಾಮಾನ್ಯ ಜೋಡಿಯನ್ನು ತೆಗೆದುಕೊಳ್ಳೋಣ. ಗಂಡನಿಗೆ 45 ವರ್ಷ, 170 ಸೆಂಟಿಮೀಟರ್ ಎತ್ತರ, 85 ಕಿಲೋ. ಹೆಂಡತಿಗೆ 42 ವರ್ಷ, 155 ಸೆಂಟಿಮೀಟರ್, 70 ಕಿಲೋ. ಸುಮ್ಮನೆ ಮಲಗಿದ್ದರೆ ಆತನಿಗೆ ಬೇಕಾದದ್ದು ಸುಮಾರು 1,690 ಕ್ಯಾಲರಿ, ಆಕೆಗೆ 1,300. ಓಡಾಟ, ಮನೆಗೆಲಸ, ಅಂಗಡಿ ಕೆಲಸ ಎಲ್ಲ ಸೇರಿಸಿದರೆ ಆತನಿಗೆ ದಿನಕ್ಕೆ ಸುಮಾರು 2,370, ಆಕೆಗೆ 1,820.

ಈಗ ಇಬ್ಬರೂ ಒಂದೇ ಪಥ್ಯ ಹಿಡಿದು, ದಿನಕ್ಕೆ 1,500 ಕ್ಯಾಲರಿಯಷ್ಟೇ ತಿನ್ನುತ್ತಾರೆ ಎನ್ನೋಣ. ಗಂಡನಿಗೆ ದಿನಕ್ಕೆ 870 ಕ್ಯಾಲರಿ ಕೊರತೆ ಬೀಳುತ್ತದೆ, ಹೆಂಡತಿಗೆ ಬರೀ 320. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಕೊರತೆ ಬೇಕು. ಅಂದರೆ 30 ದಿನದಲ್ಲಿ ಗಂಡನಿಗೆ ಸುಮಾರು 3.4 ಕಿಲೋ, ಹೆಂಡತಿಗೆ 1.2 ಕಿಲೋ. ಅದೇ ತಟ್ಟೆ, ಅದೇ ತಿಂಗಳು, ಇಬ್ಬರೂ ಅಷ್ಟೇ ಪ್ರಾಮಾಣಿಕರು. ದೇಹ ಕ್ಯಾಲ್ಕ್ಯುಲೇಟರ್ ಅಲ್ಲ, ನಿಜವಾದ ಅಂಕಿಗಳು ಇದಕ್ಕಿಂತ ಸ್ವಲ್ಪ ಆಚೀಚೆ ಆಗುತ್ತವೆ. ತೂಕ ಇಳಿಯುತ್ತಾ ಹೋದಂತೆ ಉರಿಯುವ ಕ್ಯಾಲರಿಯೂ ಇಳಿಯುತ್ತದೆ. ಆದರೆ ಅಂತರ ಮಾತ್ರ ಹೀಗೇ ಉಳಿಯುತ್ತದೆ.

ಇದರ ಮೇಲೆ ಇನ್ನೊಂದು ವಿಷಯವಿದೆ. ಮುಟ್ಟಿನ ಮುಂಚಿನ ವಾರದಲ್ಲಿ ಅನೇಕ ಹೆಂಗಸರ ಮೈ ನೀರು ಹಿಡಿದುಕೊಳ್ಳುತ್ತದೆ. ಒಂದು ಕಿಲೋ, ಕೆಲವರಿಗೆ ಎರಡು ಕಿಲೋದವರೆಗೂ ತೂಕ ಏರುತ್ತದೆ, ಮುಟ್ಟು ಆರಂಭವಾದ ಮೇಲೆ ಇಳಿಯುತ್ತದೆ. ತಿಂಗಳಿಡೀ ಕಷ್ಟಪಟ್ಟು ಕರಗಿಸಿದ 1.2 ಕಿಲೋ ಕೊಬ್ಬು ಈ ನೀರಿನ ಹಿಂದೆ ಪೂರ್ತಿಯಾಗಿ ಅಡಗಿಬಿಡಬಹುದು. ಯಂತ್ರ ಸೊನ್ನೆ ತೋರಿಸುತ್ತದೆ, ಆದರೆ ಕೊಬ್ಬು ಕರಗಿದ್ದು ನಿಜ. ಆದ್ದರಿಂದ ಸಹೋದರಿಯರು ವಾರವಾರ ತೂಕ ನೋಡುವುದನ್ನು ಬಿಡಬೇಕು. ಮುಟ್ಟು ನಿಂತ ನಂತರದ ಎರಡು ಮೂರು ದಿನದೊಳಗೆ ಒಂದು ದಿನ ಗೊತ್ತು ಮಾಡಿಕೊಂಡು, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಗಳಿಗೆ ಒಂದೇ ಸಲ ನೋಡಿ. ಹೋದ ತಿಂಗಳಿನ ಅದೇ ದಿನದ ತೂಕಕ್ಕೆ ಮಾತ್ರ ಹೋಲಿಸಿ. ಗಂಡನ ತೂಕಕ್ಕೆ ಬೇಡವೇ ಬೇಡ.

ಕೊಬ್ಬು ಕುಳಿತ ಜಾಗ

ಗಂಡಸಿನ ಕೊಬ್ಬು ಹೆಚ್ಚಾಗಿ ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಸೇರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಕಾಯಿಲೆಗೆ ದಾರಿ ಮಾಡುವುದು ಈ ಕೊಬ್ಬೇ. ಆದರೆ ಊಟ ಕಡಿಮೆಯಾದಾಗ ಮೊದಲು ಕರಗುವುದೂ ಇದೇ. ಪಥ್ಯ ಹಿಡಿದ ಗಂಡಸಿನ ಪ್ಯಾಂಟು ಮೂರೇ ವಾರಕ್ಕೆ ಸಡಿಲವಾಗುವುದು ಇದರಿಂದ.

ಹೆಂಗಸಿನ ಕೊಬ್ಬು ಹೆರುವ ವಯಸ್ಸಿನಲ್ಲಿ ಸೊಂಟ, ತೊಡೆ, ಪೃಷ್ಠದಲ್ಲಿ ಚರ್ಮದ ಕೆಳಗೆ ಕೂರುತ್ತದೆ. ಅದು ಬಸಿರು, ಬಾಣಂತನ, ಹಾಲೂಡಿಸುವಿಕೆಗೆಂದು ದೇಹ ಕೂಡಿಟ್ಟ ದಾಸ್ತಾನು. ಸುಲಭಕ್ಕೆ ಕರಗುವುದಿಲ್ಲ. ಹೃದಯಕ್ಕೆ ಅದರಿಂದ ಆಗುವ ಕೇಡು ಕೂಡ ಕಡಿಮೆ. ಆದರೆ ಮುಟ್ಟು ನಿಲ್ಲುವ ಹೊತ್ತಿಗೆ, ನಮ್ಮಲ್ಲಿ ಸಾಮಾನ್ಯವಾಗಿ 46-47ರ ಸುಮಾರಿಗೆ, ಈಸ್ಟ್ರೋಜನ್ ಇಳಿಯುತ್ತದೆ, ಕೊಬ್ಬು ಸೊಂಟದಿಂದ ಹೊಟ್ಟೆಗೆ ಜಾಗ ಬದಲಿಸುತ್ತದೆ. ತೂಕ ಹೆಚ್ಚದಿದ್ದರೂ ಹೊಟ್ಟೆ ದಪ್ಪವಾಯಿತು ಎಂದು ಆ ವಯಸ್ಸಿನ ತಾಯಂದಿರು ಹೇಳುವುದು ಸುಳ್ಳಲ್ಲ. ಅಲ್ಲಿಂದ ಮುಂದೆ ಅವರ ಅಪಾಯವೂ ಗಂಡಸರ ಅಪಾಯದ ಹತ್ತಿರ ಬರುತ್ತದೆ.

ಹೀಗಾಗಿ ಯಂತ್ರಕ್ಕಿಂತ ಟೇಪನ್ನು ನಂಬಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ, ಟೇಪನ್ನು ಬಿಗಿಯದೆ ಅಳೆಯಬೇಕು. ನಮ್ಮ ದೇಶದವರಿಗೆ ಗಂಡಸರ ಮಿತಿ 90 ಸೆಂಟಿಮೀಟರ್, ಹೆಂಗಸರ ಮಿತಿ 80. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ನೂರಕ್ಕೆ ಸುಮಾರು 30 ಮಂದಿಯ ತೂಕ ಮಿತಿ ಮೀರಿತ್ತು. ಅಂದರೆ ಬೊಜ್ಜು ಹೆಂಗಸರ ಸಮಸ್ಯೆ ಎಂಬ ಮಾತಿಗೆ ಆಧಾರವಿಲ್ಲ. ಮದುವೆ ಮನೆಯಲ್ಲಿ ಹೆಂಗಸರ ಮೈ ಬಗ್ಗೆ ಮಾತನಾಡುವವರು ಗಂಡಸರ ಹೊಟ್ಟೆಯನ್ನು ಅಂತಸ್ತು ಎಂದು ತಿಳಿಯುತ್ತಾರೆ, ಅಷ್ಟೇ.

ಅತಿಯಾದ ಪಥ್ಯದಿಂದ ಯಾರಿಗೆ ನಷ್ಟ

ಯುರೋಪ್, ಆಸ್ಟ್ರೇಲಿಯಾ, ನ್ಯೂಝಿಲೆಂಡ್‌ಗಳಲ್ಲಿ ನಡೆದ 'ಪ್ರಿವ್ಯೂ' ಎಂಬ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ದಪ್ಪ ಮೈಯ 2,000ಕ್ಕೂ ಹೆಚ್ಚು ಗಂಡಸರು, ಹೆಂಗಸರಿಗೆ ಎಂಟು ವಾರ ಒಂದೇ ರೀತಿಯ, ಬಹಳ ಕಡಿಮೆ ಕ್ಯಾಲರಿಯ ಆಹಾರ ಕೊಡಲಾಗಿತ್ತು. ಗಂಡಸರ ತೂಕ ಸರಾಸರಿ ಶೇ. 11.8ರಷ್ಟು ಇಳಿಯಿತು, ಹೆಂಗಸರದು ಶೇ. 10.3. ಇದು ನಿರೀಕ್ಷಿತವೇ. ನನಗೆ ಮುಖ್ಯವೆನಿಸಿದ್ದು ಬೇರೆ. ಹೆಂಗಸರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೆಚ್ಚು ಕರಗಿತ್ತು, ಒಳ್ಳೆಯ ಕೊಲೆಸ್ಟ್ರಾಲ್ ಕೂಡ ಹೆಚ್ಚು ಇಳಿದಿತ್ತು. ವೈದ್ಯರ ಕಣ್ಗಾವಲಿನಲ್ಲಿ ನಡೆದ ಪಥ್ಯದಲ್ಲೇ ಹೀಗಾದರೆ, ಮನೆಯಲ್ಲಿ ಯಾರಿಗೂ ಹೇಳದೆ ಎರಡು ಹೊತ್ತು ಊಟ ಬಿಡುವ ಸಹೋದರಿಯ ಗತಿ ಏನು? ಮೊದಲೇ ಕಡಿಮೆ ಇದ್ದ ಸ್ನಾಯು ಇನ್ನಷ್ಟು ಕರಗುತ್ತದೆ, ಉರಿಯುವ ಕ್ಯಾಲರಿ ಇನ್ನಷ್ಟು ಇಳಿಯುತ್ತದೆ. ಪಥ್ಯ ಬಿಟ್ಟ ಮೇಲೆ ಮೊದಲಿಗಿಂತ ಬೇಗ ತೂಕ ಏರುತ್ತದೆ.

ನಮ್ಮ ಮನೆಗಳ ಒಂದು ರೂಢಿ ಇದನ್ನು ಇನ್ನೂ ಕೆಡಿಸುತ್ತದೆ. ಕೋಳಿ ಸಾರಿನ ತುಂಡು ಗಂಡಸರಿಗೆ ಮತ್ತು ಮಕ್ಕಳಿಗೆ. ಕೊನೆಗೆ ಕೂರುವ ಮನೆಯೊಡತಿಗೆ ಗ್ರೇವಿ, ಅನ್ನ, ಮಕ್ಕಳು ಬಿಟ್ಟ ಅರ್ಧ ಪತ್ತಿರ್. ಹಾಳಾಗಬಾರದೆಂದು ತಿನ್ನುತ್ತಾಳೆ. ಕ್ಯಾಲರಿ ಪೂರ್ತಿ ಹೋಗುತ್ತದೆ, ಸ್ನಾಯುವಿಗೆ ಬೇಕಾದ ಪ್ರೋಟೀನ್ ಮಾತ್ರ ಹೋಗುವುದಿಲ್ಲ. ತೂಕ ಇಳಿಸಬೇಕಾದ ಹೆಂಗಸು ಅನ್ನ ಅರ್ಧ ಮಾಡಿ ತುಂಡನ್ನು ಹೆಚ್ಚು ಮಾಡಬೇಕು. ದಿನಕ್ಕೆ ಒಂದೆರಡು ಮೊಟ್ಟೆ, ಮೀನು ಅಥವಾ ಕೋಳಿ, ಇಲ್ಲವಾದರೆ ಹೆಸರುಕಾಳು, ಕಡಲೆಕಾಳು, ತೊಗರಿಬೇಳೆ. ಮೀನು ಹುರಿಯುವುದಕ್ಕಿಂತ ಸಾರು ಮಾಡಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲರಿ ಇದೆ. ಗಂಡಂದಿರು ಇದನ್ನು ಓದುತ್ತಿದ್ದರೆ ಒಂದು ಮಾತು: ಒಟ್ಟಿಗೆ ಕೂತು ಉಣ್ಣಿ. ಆಕೆಯ ತಟ್ಟೆಗೆ ಏನು ಬಿತ್ತು ಎಂದು ಆಗ ಕಾಣುತ್ತದೆ.

ಕಬ್ಬಿಣದ ಅಂಶವನ್ನೂ ಮರೆಯಬೇಡಿ. ಅದೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ದಪ್ಪ ಇದ್ದವರಿಗೆ ರಕ್ತ ಕಡಿಮೆ ಇರುವುದಿಲ್ಲ ಎಂಬುದು ತಪ್ಪು ಕಲ್ಪನೆ. ರಕ್ತ ಕಡಿಮೆ ಇದ್ದರೆ ನಾಲ್ಕು ಹೆಜ್ಜೆ ಏರು ಹತ್ತಿದರೆ ಸುಸ್ತು, ಮತ್ತೆ ವ್ಯಾಯಾಮದ ಮಾತೆಲ್ಲಿ? ಊಟದ ಬೆನ್ನಿಗೇ ಕುಡಿಯುವ ಕಾಫಿ, ಚಹಾ ಆಹಾರದ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಕನಿಷ್ಠ ಒಂದು ಗಂಟೆ ಬಿಟ್ಟು ಕುಡಿಯಿರಿ.

ಕಾಫಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯಮನ್‌ನಿಂದ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಅವರು ತಂದದ್ದು ಕಾಫಿ, ಸಕ್ಕರೆಯಲ್ಲ. ಒಂದು ಚಿಕ್ಕ ಚಮಚ ಸಕ್ಕರೆ ಎಂದರೆ 20 ಕ್ಯಾಲರಿ. ಎರಡು ಚಮಚ ಹಾಕಿದ ನಾಲ್ಕು ಲೋಟ ಕಾಫಿಯಲ್ಲಿ ಸಕ್ಕರೆಯದೇ 160 ಕ್ಯಾಲರಿ. ಮೇಲೆ ಹೇಳಿದ 166ರ ಅಂತರ ನೆನಪಿದೆಯಲ್ಲ? ಹೆಣ್ಣಿನ ದೇಹ ಗಂಡಿಗಿಂತ ಕಡಿಮೆ ಉರಿಸುವಷ್ಟೂ ಈ ನಾಲ್ಕು ಲೋಟದ ಸಕ್ಕರೆಯಲ್ಲೇ ಇದೆ. ನೆಂಟರು ಬಂದಾಗಲೆಲ್ಲ ಜೊತೆಗೆ ಕುಡಿಯುವುದು ಆಕೆಯೇ ಅಲ್ಲವೇ.

ಯುನಾನಿ ಏನು ಹೇಳುತ್ತದೆ

ಯುನಾನಿಯಲ್ಲಿ ಅತಿಯಾದ ಬೊಜ್ಜಿಗೆ 'ಸಿಮನೆ ಮುಫ್ರಿತ್' ಎಂದು ಹೆಸರು. ಪ್ರತಿಯೊಬ್ಬರಿಗೂ ಅವರದೇ ಮಿಜಾಜ್ ಇದೆ, ಗಂಡಿಗೆ ಹೋಲಿಸಿದರೆ ಹೆಣ್ಣಿನ ಮಿಜಾಜ್ ಶೀತ ಮತ್ತು ಆರ್ದ್ರದ ಕಡೆಗೆ ವಾಲುತ್ತದೆ ಎಂದು ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್ ಫಿತ್ತಿಬ್' ಗ್ರಂಥದಲ್ಲಿ ವಿವರಿಸಿದ್ದಾರೆ. ಅವರ ಕೈಯಲ್ಲಿ ಕ್ಯಾಲರಿ ಲೆಕ್ಕ ಇರಲಿಲ್ಲ. ಬಲ್ಗಮ್ ಎಂದರೆ ಇಂತಿಂಥ ಹಾರ್ಮೋನು ಎಂದು ಹೊಂದಿಸಿ ಹೇಳುವವರಿದ್ದಾರೆ, ನಾನು ಹಾಗೆ ಹೇಳುವುದಿಲ್ಲ. ಆದರೆ ಒಂದೇ ಪಥ್ಯ ಎಲ್ಲರಿಗೂ ಒಂದೇ ಫಲ ಕೊಡದು ಎಂಬ ಅವರ ತಿಳಿವಳಿಕೆ ಗಟ್ಟಿಯಾದದ್ದು. ಚಿಕಿತ್ಸೆ ಆರಂಭವಾಗುವುದು ಔಷಧಿಯಿಂದಲ್ಲ, 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎಂಬ ಆರು ಅಗತ್ಯಗಳಿಂದ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ತೂಕದ ವಿಷಯದಲ್ಲಿ ಎಲ್ಲರೂ ಅನ್ನಪಾನ ಒಂದನ್ನೇ ಹಿಡಿಯುತ್ತಾರೆ. ನಿದ್ರೆಗೆಟ್ಟವರಿಗೆ ಹಸಿವು ಹೆಚ್ಚು ಎಂಬುದು ಇಂದು ಎಲ್ಲ ಪದ್ಧತಿಯ ವೈದ್ಯರೂ ಒಪ್ಪುವ ಮಾತು.

ರಮಝಾನ್ ನೋಡಿ. ಉಪವಾಸದ ತಿಂಗಳಲ್ಲಿ ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು ಇಳಿಯುತ್ತದೆ, ಈದ್ ಕಳೆದ ಕೆಲವೇ ವಾರಗಳಲ್ಲಿ ಬಹುತೇಕ ವಾಪಸು ಬರುತ್ತದೆ. ಹೆಂಗಸರಿಗೆ ಅದರ ನಡುವೆ ಮುಟ್ಟಿನ ದಿನಗಳು ಬರುತ್ತವೆ. ಸಹರಿಗೆ ಎಲ್ಲರಿಗಿಂತ ಮುಂಚೆ ಏಳುವುದು, ಅಸ್ರ್ ನಂತರ ಎಣ್ಣೆ ಬಾಣಲೆ ಎದುರು ನಿಲ್ಲುವುದು, ತರಾವೀಹ್ ಮುಗಿದ ಮೇಲೆ ಪಾತ್ರೆ ತೊಳೆಯುವುದು. ನಿದ್ರೆ ನಾಲ್ಕು ಗಂಟೆ. ಇಂಥ ತಿಂಗಳಲ್ಲಿ ಆಕೆಯ ತೂಕ ಇಳಿಯಲಿಲ್ಲವೆಂದು ಆಶ್ಚರ್ಯಪಡುವುದೇ ಆಶ್ಚರ್ಯ. ಕರಿದ ತಿಂಡಿ ಶುಕ್ರವಾರಕ್ಕೆ ಮಾತ್ರ ಎಂದು ಮನೆಯವರೆಲ್ಲ ಒಪ್ಪಿದರೆ ಎರಡು ಲಾಭ: ಎಣ್ಣೆಯೂ ಕಡಿಮೆ, ಆಕೆಗೆ ಒಂದು ಗಂಟೆ ಮಲಗಲು ಬಿಡುವೂ ಸಿಗುತ್ತದೆ.

ಔಷಧಿ ಬಗ್ಗೆಯೂ ಹೇಳಬೇಕು. 'ಸಫೂಫೆ ಮುಹಝ್ಝಿಲ್' ನಮ್ಮ ಪದ್ಧತಿಯ ಹೆಸರಾಂತ ಚೂರ್ಣ. ನಾನೂ ಕೊಡುತ್ತೇನೆ, ಆದರೆ ನಾಡಿ ನೋಡಿ, ವಿಚಾರಿಸಿ. ಅದರಲ್ಲಿ ಬಳಸುವ ಸುದಾಬ್ ಬೀಜ ಮುಟ್ಟನ್ನು ಹರಿಸುವ ಗುಣದ್ದು, ಬಸುರಿಯರಿಗೆ ಸಲ್ಲದು. "ಗಿಡಮೂಲಿಕೆ ತಾನೇ" ಎಂದು ಗಂಡನ ಡಬ್ಬಿಯಿಂದ ಹೆಂಡತಿ ತೆಗೆದುಕೊಳ್ಳುವುದು ಸರಿಯಲ್ಲ. ಇನ್ನು ವಿಳಾಸವಿಲ್ಲದ, ಲೈಸೆನ್ಸ್ ನಂಬರ್ ಇಲ್ಲದ, ವಾರಕ್ಕೆ ಐದು ಕಿಲೋ ಇಳಿಸುತ್ತೇವೆನ್ನುವ ಪುಡಿಗಳಿಂದ ದೂರ ಇರಿ. ಹೃದಯಕ್ಕೆ ಅಪಾಯವೆಂದು 2011ರಲ್ಲಿ ಭಾರತದಲ್ಲಿ ನಿಷೇಧಿಸಿದ ಸಿಬುಟ್ರಮಿನ್ ಎಂಬ ರಾಸಾಯನಿಕ ಜಗತ್ತಿನ ಹಲವೆಡೆ ಇಂಥ 'ಹರ್ಬಲ್' ಪುಡಿಗಳಲ್ಲಿ ಪತ್ತೆಯಾಗಿದೆ. ಕುಡಿದಾಗ ಎದೆ ಬಡಿತ ಹೆಚ್ಚಾದರೆ, ಬಾಯಿ ಒಣಗಿದರೆ, ನಿದ್ರೆ ಹೋದರೆ ಕೂಡಲೇ ನಿಲ್ಲಿಸಿ.

ನಡೆಯುವುದಾದರೂ ಎಲ್ಲಿ?

ನವೆಂಬರ್‌ನಿಂದ ಮಾರ್ಚ್‌ವರೆಗೆ ತೋಟಗಳಲ್ಲಿ ಕಾಫಿ ಕೊಯ್ಲು. ಇಳಿಜಾರಿನಲ್ಲಿ ದಿನವಿಡೀ ನಿಂತು, ಹತ್ತಿ ಇಳಿದು, ಹಣ್ಣಿನ ಮೂಟೆ ಹೊರುವ ಹೆಂಗಸರು ತೂಕ ಇಳಿಸಿಕೊಡಿ ಎಂದು ನನ್ನಲ್ಲಿ ಬಂದದ್ದಿಲ್ಲ. ಬರುವವರು ಪೇಟೆಗೆ ಮದುವೆಯಾಗಿ ಬಂದ ಅವರ ಹೆಣ್ಣುಮಕ್ಕಳು. ಮಿಕ್ಸಿ, ವಾಷಿಂಗ್ ಮೆಷಿನ್ ಬಂತು, ಗಂಡ ಗಲ್ಫ್‌ನಲ್ಲಿ, ಸಾಮಾನು ಮನೆ ಬಾಗಿಲಿಗೆ. ಜೂನ್ ಬಂತೆಂದರೆ ನಾಲ್ಕು ತಿಂಗಳು ಮಳೆ, ಜಿಗಣೆ. ಫಜ್ರ್ ನಂತರ ವಾಕಿಂಗ್ ಹೋಗಿ ಎಂದರೆ ಮೂಡಿಗೆರೆ, ಆಲ್ದೂರು ಕಡೆಯವರು ನನ್ನನ್ನೇ ನೋಡಿ ನಗುತ್ತಾರೆ. ಮುಂಜಾವಿನ ಮಂಜಿನಲ್ಲಿ ರಸ್ತೆಗೆ ಆನೆ ಬಂದಿರುತ್ತದೆ. ಗಂಡಸು ಅಂಗಡಿಗೆ, ಮಸೀದಿಗೆ, ಪೇಟೆಗೆ ಎಂದು ಗೊತ್ತಿಲ್ಲದೆಯೇ ಎರಡು ಮೂರು ಕಿಲೋಮೀಟರ್ ನಡೆದಿರುತ್ತಾನೆ. ಈ ವ್ಯತ್ಯಾಸ ಯಾವ ಸೂತ್ರದಲ್ಲೂ ಇಲ್ಲ.

ಹೆಂಗಸರ ಓಟ, ನಡಿಗೆಯ ಬಗ್ಗೆ ಸಂಕೋಚಪಡುವವರು ಅಬೂದಾವೂದ್‌ನಲ್ಲಿ ಬಂದಿರುವ ಪ್ರಸಂಗವನ್ನು ನೆನಪಿಸಿಕೊಳ್ಳಬಹುದು. ಪ್ರಯಾಣವೊಂದರಲ್ಲಿ ಹಝ್ರತ್ ಆಯಿಶಾ(ರ) ಪ್ರವಾದಿ(ಸ)ಯವರೊಂದಿಗೆ ಓಟದ ಪಂದ್ಯದಲ್ಲಿ ಗೆದ್ದರು. ಮುಂದೆ ಮೈ ತುಂಬಿಕೊಂಡ ಮೇಲೆ ಮತ್ತೆ ಓಡಿದಾಗ ಪ್ರವಾದಿ(ಸ) ಗೆದ್ದರು. ತಮ್ಮ ತೂಕ ಹೆಚ್ಚಿದ್ದನ್ನು ಅವರೇ ಯಾವ ಮುಜುಗರವೂ ಇಲ್ಲದೆ ಹೇಳಿದ್ದಾರೆ, ಮೈ ತುಂಬಿದ ಮೇಲೂ ಓಡಿದ್ದಾರೆ.

ಮಳೆಗಾಲಕ್ಕೆ, ಆನೆ ಭಯಕ್ಕೆ ಮನೆಯೊಳಗೇ ದಾರಿ ಇದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ, ಕೂರಿ. ಗೋಡೆಗೆ ಅಂಗೈ ಒತ್ತಿ ಹತ್ತು ಸಲ ಹಿಂದೆ ಮುಂದೆ ಬಾಗಿ. ಎರಡು ಲೀಟರ್ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಭುಜದ ಎತ್ತರಕ್ಕೆ ಎತ್ತಿ ಇಳಿಸಿ. ಮನೆಗೆ ಮೆಟ್ಟಿಲಿದ್ದರೆ ಹತ್ತು ನಿಮಿಷ ಹತ್ತಿ ಇಳಿಯಿರಿ. ವಾರಕ್ಕೆ ಮೂರು ದಿನ ಸಾಕು, ಆದರೆ ಭಾರ ನಿಧಾನವಾಗಿ ಹೆಚ್ಚಿಸುತ್ತಾ ಹೋಗಬೇಕು. ಸ್ನಾಯು ಉಳಿಯುವುದು ಭಾರ ಎತ್ತಿದರೆ ಮಾತ್ರ. ಉಳಿದ ದಿನ ನಡಿಗೆ. ಬಿಸಿಲೇರಿದ ಮೇಲೆ ಅಕ್ಕಪಕ್ಕದ ಮನೆಯವರೊಂದಿಗೆ ಜೊತೆಯಾಗಿ ಹೋದರೆ ಭಯವೂ ಇಲ್ಲ, ಬೇಸರವೂ ಇಲ್ಲ. ಐದು ಹೊತ್ತು ನಮಾಝ್ ಮಾಡುತ್ತೇನಲ್ಲ, ಅದೇ ವ್ಯಾಯಾಮ ಎನ್ನುವವರಿದ್ದಾರೆ. ನಮಾಝ್ ಇಬಾದತ್. ವ್ಯಾಯಾಮಕ್ಕೆ ಬೇರೆಯೇ ಹೊತ್ತು ಕೊಡಿ.

ಪರೀಕ್ಷೆ ಯಾವಾಗ ಬೇಕು

ಮೂರು ತಿಂಗಳು ಸರಿಯಾಗಿ ನಡೆದುಕೊಂಡೂ ತೂಕವಾಗಲಿ ಸೊಂಟದ ಅಳತೆಯಾಗಲಿ ಕದಲದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕೊರತೆ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದು, ಗಲ್ಲದ ಮೇಲೆ ಕೂದಲು, ಕುತ್ತಿಗೆ ಕಪ್ಪಾಗುವುದು ಕಂಡರೆ ಪಿಸಿಓಎಸ್ ಇರಬಹುದು. ಅದರಲ್ಲಿ ತೂಕ ಇಳಿಸುವುದು ಇನ್ನೂ ನಿಧಾನ, ಆದರೆ ಶೇ. 5ರಷ್ಟು ಇಳಿದರೂ ಎಷ್ಟೋ ಯುವತಿಯರ ಮುಟ್ಟು ಸರಿಹೋಗುತ್ತದೆ. 70 ಕಿಲೋದವರಿಗೆ ಅದು ಮೂರೂವರೆ ಕಿಲೋ ಮಾತ್ರ.

ಬಾಣಂತಿಯರು ಪಥ್ಯದ ಅವಸರ ಮಾಡಬೇಡಿ. ಹಾಲೂಡಿಸುವ ತಾಯಿಗೆ ದಿನಕ್ಕೆ 500-600 ಕ್ಯಾಲರಿ ಹೆಚ್ಚು ಬೇಕು. ಆದರೆ ನಲವತ್ತು ದಿನ ತುಪ್ಪ, ಬೆಲ್ಲ, ತೆಂಗಿನ ಹಾಲು ಸುರಿದು ಮಂಚದಿಂದ ಇಳಿಯಲು ಬಿಡದಿರುವುದೂ ಬೇಡ. ಊಟದಲ್ಲಿ ಮೊಟ್ಟೆ, ಮೀನು, ಸೊಪ್ಪು ಇರಲಿ, ತುಪ್ಪ ಚಮಚದ ಲೆಕ್ಕದಲ್ಲಿರಲಿ. ಸಹಜ ಹೆರಿಗೆಯಾಗಿ ತೊಂದರೆ ಇಲ್ಲದಿದ್ದರೆ ಕೆಲವು ದಿನಗಳಲ್ಲೇ ಮನೆಯೊಳಗೆ ನಡೆದಾಡಬಹುದು, ಸಿಸೇರಿಯನ್ ಆದವರು ಹೆರಿಗೆ ಮಾಡಿಸಿದ ವೈದ್ಯರನ್ನು ಕೇಳಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗಂಡಸರಾಗಲಿ ಹೆಂಗಸರಾಗಲಿ, ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಊಟ ಇಳಿದು ಔಷಧಿ ಹಾಗೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಯಿರಿ, ಹದಿನೈದು ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ ಕುಡಿದು ಆಸ್ಪತ್ರೆಗೆ ಹೋಗಿ.